ನಿಮಗಿದು ಗೊತ್ತೇ? ಯುದ್ಧ ಮುಗಿಯುವವರೆಗೂ ಓಡಿದ ಹಳೇ ಮಿಲ್ಟ್ರಿ ಗಾಡಿಗಳು

ಕೊಲ್ಹಾಪುರದಿಂದ ಬೆಳಗಾವಿಗೆ ಬರುವಾಗ ಕಾಗಲದ ಆಸುಪಾಸಿನಲ್ಲಿ ಮಿಲ್ಟ್ರಿ ಗಾಡಿಗಳ ಸಾಲು ಎದುರಾದರೆ ಅವುಗಳ ನಂಬರ್ ಪ್ಲೇಟ್ ಒಮ್ಮೆ ಓದಿ ನೋಡಿ. ಮೇಲ್ಮುಖವಾದ ಒಂದು ಬಾಣ, ಅದರ ಪಕ್ಕದಲ್ಲಿ ಎರಡು ಅಂಕಿ. ಆ ಎರಡಂಕಿಯೇ ಗಾಡಿ ಸೇನೆಗೆ ಸೇರಿದ ಇಸವಿ. 03 ಎಂದಿದ್ದರೆ 2003, 96 ಎಂದಿದ್ದರೆ 1996. ಸರ್ಕಾರಿ ಸ್ವತ್ತಿಗೆ ಬಾಣದ ಗುರುತು ಹಾಕುವ ರೂಢಿ ಬ್ರಿಟಿಷರ ಕಾಲದ್ದು. ಗಾಡಿಯ ವಯಸ್ಸನ್ನು ಸೇನೆ ಮುಚ್ಚಿಡುವುದೇ ಇಲ್ಲ.

ಗಾಡಿ ಮುಂದೆ ಹೋದ ಮೇಲೆ ಹಿಂಬದಿಯನ್ನೂ ಬಗ್ಗಿ ನೋಡಿ. ಹಿಂದಿನ ಎರಡು ಚಕ್ರಗಳ ನಡುವೆ, ಆ್ಯಕ್ಸಲ್ಲಿನ ಮಧ್ಯದಲ್ಲಿ ಕುಂಬಳಕಾಯಿಯಂತೆ ಉಬ್ಬಿದ ಭಾಗ ಇರುತ್ತದಲ್ಲ, ಅದಕ್ಕೆ ಬಿಳಿ ಬಣ್ಣ ಬಳಿದಿರುತ್ತಾರೆ. ಅದರ ಹತ್ತಿರ ಒಂದು ಪುಟ್ಟ ದೀಪ. ಗಡಿಯಲ್ಲಿ ರಾತ್ರಿ ಹೆಡ್‌ಲೈಟ್ ಹಾಕಿದರೆ ವೈರಿಗೆ ಗುರಿ ತೋರಿಸಿದಂತೆ. ಹಾಗಾಗಿ ಹಿಂದಿನ ಗಾಡಿಯ ಚಾಲಕ ಮುಂದಿನ ಗಾಡಿಯ ಈ ಬಿಳಿ ಗುಂಡನ್ನೇ ನೋಡುತ್ತ, ಇಳಿಜಾರು, ತಿರುವು ಎಲ್ಲವನ್ನೂ ಕತ್ತಲೆಯಲ್ಲೇ ದಾಟುತ್ತಾನೆ. ಮೇಲಿನಿಂದ ನೋಡುವ ವಿಮಾನಕ್ಕೆ ಅದು ಕಾಣುವುದಿಲ್ಲ.

ಶಕ್ತಿಮಾನ್ ಎಂದ ಕೂಡಲೇ ಮಕ್ಕಳಿಗೆ ಟಿ.ವಿ. ಧಾರಾವಾಹಿ ನೆನಪಾಗಬಹುದು. ಆದರೆ ನಿವೃತ್ತ ಸೈನಿಕರಿಗೆ ನೆನಪಾಗುವುದು ಹಸಿರು ಬಣ್ಣದ, ಉದ್ದ ಮೂತಿಯ ಲಾರಿ. ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು 1959ರಲ್ಲಿ ಜಬಲ್‌ಪುರದ ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ ಇದರ ತಯಾರಿಕೆ ಶುರುವಾಯಿತು. ಆಗ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್. ಶಕ್ತಿಮಾನ್ ಎಂಬ ಹೆಸರಿನ ಬಾಲದಲ್ಲಿ ‘ಮಾನ್’ ಇದೆ, ಗಮನಿಸಿದಿರಾ? ಮುಂದೆ ಜಬಲ್‌ಪುರದಲ್ಲೇ ವಾಹನಗಳಿಗೆಂದು ಪ್ರತ್ಯೇಕ ಕಾರ್ಖಾನೆ ಎದ್ದು ನಿಂತಿತು, ಶಕ್ತಿಮಾನ್ ಅಲ್ಲಿಂದ ಹೊರಬರತೊಡಗಿತು. ತಯಾರಿಕೆ ನಿಂತದ್ದು 1996ರಲ್ಲಿ. ಜರ್ಮನಿಯಲ್ಲಿ 1950ರ ದಶಕದಲ್ಲಿ ರೂಪುಗೊಂಡ ಲಾರಿ ನಮ್ಮಲ್ಲಿ ಮೂವತ್ತೇಳು ವರ್ಷ ತಯಾರಾಯಿತು. 1965, 1971ರ ಯುದ್ಧಗಳಲ್ಲಿ ಓಡಿತು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಹೊಸ ಸ್ಟಾಲಿಯನ್ ಲಾರಿಗಳು ಸೇನೆಗೆ ಬಂದಿದ್ದವು, ಆದರೂ ಶಕ್ತಿಮಾನ್ ಸೇವೆಯಲ್ಲಿತ್ತು. ಹೊಸದು ಬಂತೆಂದು ಹಳೆಯದನ್ನು ಒಮ್ಮೆಗೇ ಗುಜರಿಗೆ ಹಾಕುವುದು ಯಾವ ಸೇನೆಗೂ ಸಾಧ್ಯವಿಲ್ಲ. ಯುದ್ಧ ನಡೆಯುವಾಗಂತೂ ಓಡುವ ಪ್ರತಿ ಚಕ್ರವೂ ಬೇಕು.

ಕಾರ್ಗಿಲ್‌ನಲ್ಲಿ ಬೊಫೋರ್ಸ್ ಫಿರಂಗಿಗಳ ಹೆಸರು ಮನೆಮಾತಾಯಿತು. ಅವನ್ನು ಎಳೆಯಲು ತಂದ ಲಾರಿಯೂ ಸ್ವೀಡನ್ನಿನದೇ, ಸ್ಕ್ಯಾನಿಯಾ ಕಂಪನಿಯದು. 410 ಫಿರಂಗಿಗಳ ಒಪ್ಪಂದವಾದದ್ದು 1986ರ ಮಾರ್ಚ್‌ನಲ್ಲಿ. ಆ ಒಪ್ಪಂದದಲ್ಲಿ ಲಂಚದ ಹಗರಣ ಎದ್ದ ನಂತರ ಬಿಡಿಭಾಗ ಸಿಗುವುದೇ ಕಷ್ಟವಾಯಿತು, ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸಬೇಕಾಯಿತು. ಅದೇ ಯುದ್ಧದಲ್ಲಿ ಗುಡುಗಿದ ಗ್ರಾಡ್ ರಾಕೆಟ್‌ಗಳದು ಇನ್ನೂ ಹಳೆಯ ಕಥೆ. ಸೋವಿಯತ್ ಒಕ್ಕೂಟದಲ್ಲಿ 1960ರ ದಶಕದಲ್ಲಿ ಮೊದಲು ಬಂದಾಗ ಅದರ 40 ಕೊಳವೆಗಳನ್ನು ಹೊತ್ತದ್ದು ಉರಾಲ್ ಎಂಬ ಲಾರಿ. ಪೆಟ್ರೋಲ್ ಎಂಜಿನ್, ಶುದ್ಧ ಹೊಟ್ಟೆಬಾಕ. ಇಪ್ಪತ್ತು ಸೆಕೆಂಡಿನಲ್ಲಿ ನಲವತ್ತೂ ರಾಕೆಟ್ ಹಾರಿಸಿ ಜಾಗ ಬಿಡಬೇಕಾದ ಆಯುಧ ಅದು. ಲಾರಿ ಆ ಕ್ಷಣಕ್ಕೆ ಸ್ಟಾರ್ಟ್ ಆಗದಿದ್ದರೆ ಒಳಗಿದ್ದವರ ಗತಿ ಏನು, ನೀವೇ ಊಹಿಸಿ.

ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗೋಣ. ಆಗ ಕೆನಡಾ ದೇಶವೊಂದೇ 4 ಲಕ್ಷಕ್ಕೂ ಹೆಚ್ಚು ಸೇನಾ ಲಾರಿಗಳನ್ನು ಮಾಡಿತು. ಫೋರ್ಡ್ ಮತ್ತು ಷೆವರ್ಲೆ ಕಂಪನಿಗಳು ಒಂದೇ ನಮೂನೆಯಲ್ಲಿ ತಯಾರಿಸಿದ ಗಾಡಿಗಳಿವು, ಮೂತಿ ಮೊಂಡು. ಕೆಲವುಗಳ ಮುಂದಿನ ಗಾಜು ಕೆಳಮುಖವಾಗಿ ಒಳಕ್ಕೆ ವಾಲಿರುತ್ತಿತ್ತು. ಬಿಸಿಲು ಬಡಿದು ಗಾಜು ಮಿನುಗಿದರೆ ವೈರಿ ವಿಮಾನಕ್ಕೆ ಸುಳಿವು ಸಿಗುತ್ತದೆಂದು ಮಾಡಿದ ಉಪಾಯ. ಇದೇ ಲಾರಿಗಳ ಚಾಸಿಗೆ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಹೊದಿಕೆ ಹಾಕಿ ಕವಚ ಗಾಡಿ ಮಾಡಿದರು. ಸೈನಿಕರ ಬಾಯಲ್ಲಿ ಅದರ ಹೆಸರು ‘ಟಾಟಾನಗರ’.

ಯುದ್ಧ ಮುಗಿದ ಮೇಲೆ ಈ ಲಾರಿಗಳು ಎಲ್ಲಿ ಹೋದವು? ಹರಾಜಿಗೆ. ‘ಡಿಸ್ಪೋಸಲ್ ಗಾಡಿ’ ಎಂಬ ಮಾತು ಹಿರಿಯರ ಬಾಯಲ್ಲಿ ಉಳಿದಿರುವುದು ಇದರಿಂದಲೇ. ಸೇನೆಗೆ ಬೇಡವಾದದ್ದನ್ನು ಊರಿನ ಮಿಸ್ತ್ರಿಗಳು ಕಟ್ಟಿಗೆಯ ಬಾಡಿ ಕಟ್ಟಿ ಬಸ್ಸು, ಲಾರಿ ಮಾಡಿಕೊಂಡರು. ಸೇನೆಯಲ್ಲಿ ಉಳಿದವು ಸ್ವತಂತ್ರ ಭಾರತದ ಮೊದಲ ಕದನಗಳಲ್ಲೂ ದುಡಿದವು.

ಆ ಮೊದಲ ಕದನಗಳ ಒಂದು ಸಂಗತಿ ಕನ್ನಡಿಗರಿಗೆ ಗೊತ್ತಿರಲೇಬೇಕು. 1948ರ ನವೆಂಬರ್ 1ರಂದು ಕಾಶ್ಮೀರದ ಜೊಜಿಲಾ ಕಣಿವೆಗೆ ನುಗ್ಗಿದ ಸ್ಟುವರ್ಟ್ ಟ್ಯಾಂಕುಗಳು ಮಹಾಯುದ್ಧದಲ್ಲಿ ಉಳಿದಿದ್ದ ಹಳೆಯವೇ. ದಾರಿಯ ಸೇತುವೆಗಳು ಭಾರ ತಡೆಯವೆಂದು ಗೋಪುರ ಕಳಚಿ ಅವನ್ನು ತಂದಿದ್ದರು. ಆ ದಾಳಿಯ ಮುಂಚೂಣಿಯಲ್ಲಿದ್ದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ದಾರಿ ಕಡಿದು ಕೊಟ್ಟವರು ಬೆಂಗಳೂರನ್ನು ಮನೆ ಮಾಡಿಕೊಂಡ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳದವರು.

ಇದ್ದಿಲ ಬಸ್ಸಿನ ಕಥೆಯನ್ನು ನಿಮ್ಮ ಅಜ್ಜಿ ಹೇಳಿರಬಹುದು. ಮಹಾಯುದ್ಧದಲ್ಲಿ ಪೆಟ್ರೋಲ್ ಎಲ್ಲ ಸೇನೆಗೆ ಮೀಸಲಾದಾಗ ನಮ್ಮ ಕಡೆಯ ಬಸ್ಸುಗಳ ಬೆನ್ನಿಗೆ ಒಂದು ದೊಡ್ಡ ಒಲೆ ಬಂದು ಕೂತಿತು. ಬೆಳಗಿನ ಜಾವ ಎದ್ದು ಇದ್ದಿಲು ತುಂಬಬೇಕು, ಕಿಡಿ ಹಾಕಬೇಕು, ಗಾಳಿ ಚಕ್ರ ತಿರುಗಿಸುತ್ತ ಕಾಯಬೇಕು. ಗಾಳಿ ಸಾಲದಂತೆ ಉರಿಸಿದಾಗ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದನ್ನು ಸೋಸಿ, ತಣಿಸಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿನ ಕೆಲಸ ಮಾಡುತ್ತದೆ. ಆದರೆ ಕಸುವು ಕಡಿಮೆ. ಏರು ಬಂದರೆ ಪ್ರಯಾಣಿಕರು ಇಳಿದು ದೂಡುವುದೇ! ಇದೇ ಪಾಡು ಹಿಟ್ಲರನ ಸೇನೆಗೂ ಬಂತು. ಯುದ್ಧದ ಕೊನೆಯ ವರ್ಷಗಳಲ್ಲಿ ಜರ್ಮನಿಯಲ್ಲಿ ಕಟ್ಟಿಗೆ ಉರಿಸಿ ಓಡುವ ಗಾಡಿಗಳು ಲಕ್ಷಗಟ್ಟಲೆ ಇದ್ದವು.

ಜರ್ಮನ್ ಸೇನೆ ಎಂದರೆ ಬರೀ ಯಂತ್ರ ಎಂದುಕೊಂಡಿದ್ದೀರಾ? ಅದು ಆ ಯುದ್ಧದಲ್ಲಿ ಬಳಸಿದ ಕುದುರೆಗಳು ಸುಮಾರು 27 ಲಕ್ಷ. ಅವರ ಅತ್ಯುತ್ತಮ ಲಾರಿ ಓಪೆಲ್ ಬ್ಲಿಟ್ಸ್. ಅದರ ಬ್ರಾಂಡೆನ್‌ಬುರ್ಗ್ ಕಾರ್ಖಾನೆ 1944ರ ಆಗಸ್ಟ್‌ನಲ್ಲಿ ಬಾಂಬಿಗೆ ನೆಲಸಮವಾಯಿತು. ಆಮೇಲೆ ಅದೇ ಲಾರಿಯನ್ನು ತಯಾರಿಸಿದವರು ಪ್ರತಿಸ್ಪರ್ಧಿ ಡೈಮ್ಲರ್-ಬೆಂಜ್‌ನವರು, ಅದೂ ಉಕ್ಕು ಸಾಲದೆ ಕಟ್ಟಿಗೆ ಮತ್ತು ರಟ್ಟಿನ ಹಲಗೆಯ ಕ್ಯಾಬಿನ್ ಕಟ್ಟಿ.

ರಷ್ಯನ್ನರ ‘ಒಂದೂವರೆ ಟನ್ನಿನ’ ಲಾರಿಯ ಬಗ್ಗೆ ನನಗೆ ವಿಶೇಷ ಅಕ್ಕರೆ. 1929ರ ಅಮೆರಿಕನ್ ಫೋರ್ಡ್ ಲಾರಿಯ ಪರವಾನಗಿ ಪಡೆದು 1932ರಿಂದ ಗಾರ್ಕಿ ನಗರದಲ್ಲಿ ಮಾಡುತ್ತಿದ್ದರು. ಯುದ್ಧಕಾಲದಲ್ಲಿ ಅದನ್ನು ಇನ್ನಷ್ಟು ಬಡವಾಗಿಸಿದರು: ಒಂದೇ ಹೆಡ್‌ಲೈಟ್, ಬಾಗಿಲ ಬದಲು ಕ್ಯಾನ್ವಾಸ್, ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ. ಮುತ್ತಿಗೆಗೆ ಸಿಕ್ಕ ಲೆನಿನ್‌ಗ್ರಾಡ್‌ಗೆ 1941ರ ನವೆಂಬರ್‌ನಿಂದ ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲೆ ಹಿಟ್ಟು ಹೊತ್ತದ್ದು ಈ ಲಾರಿಗಳು. ಮಂಜುಗಡ್ಡೆ ಬಿರಿದರೆ ಜಿಗಿಯಲೆಂದು ಬಾಗಿಲಿದ್ದ ಗಾಡಿಗಳನ್ನೂ ಚಾಲಕರು ಬಾಗಿಲು ತೆರೆದೇ ಓಡಿಸುತ್ತಿದ್ದರು, ಆ ಕೊರೆಯುವ ಚಳಿಯಲ್ಲಿ. ಅಮೆರಿಕದಿಂದ ಬಲಿಷ್ಠ ಸ್ಟುಡಿಬೇಕರ್ ಲಾರಿಗಳು ಸಾಲುಗಟ್ಟಿ ಬಂದ ಮೇಲೂ ಈ ಬಡ ಲಾರಿ 1945ರ ವಿಜಯದವರೆಗೆ ಓಡಿತು.

ಕೊಲ್ಹಾಪುರದ ಪಕ್ಕದ ವಳಿವಡೆಗೂ ಯುದ್ಧಕಾಲದ ಲಾರಿಗೂ ನಂಟಿದೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲೆಂಡ್ ನಿರಾಶ್ರಿತರು ನೆಲೆಸಿದ್ದರು. ರಷ್ಯಾದಿಂದ ಪಾರಾಗಿ ಭಾರತಕ್ಕೆ ಬಂದ ಪೋಲಿಷ್ ಮಕ್ಕಳ ಮೊದಲ ತಂಡಗಳು 1942ರಲ್ಲಿ ಅಶ್ಗಾಬಾದ್‌ನಿಂದ ಇರಾನಿನ ಮಶ್ಹದ್ ದಾಟಿ, ಪರಿಹಾರ ಸಾಮಗ್ರಿ ಒಯ್ದಿದ್ದ ಲಾರಿಗಳಲ್ಲೇ ಕೂತು ಬಂದವು. ಅವರು ಮೊದಲು ಜಾಮನಗರದ ಬಾಲಾಚಡಿಯಲ್ಲಿದ್ದರು. 1946ರಲ್ಲಿ ಆ ಶಿಬಿರ ಮುಚ್ಚಿದಾಗ ಮಕ್ಕಳಲ್ಲಿ ಹಲವರು ವಳಿವಡೆಗೆ ಬಂದರು. ಇಂದು ನೀವು ಬಟ್ಟೆ ಕೊಳ್ಳಲು ಹೋಗುವ ಗಾಂಧಿನಗರದ ನೆಲವೇ ಅದು.

ಲಾರಿಗಿಂತ ಹಳೆಯದಕ್ಕೂ ಯುದ್ಧದಲ್ಲಿ ಕರೆ ಬಂದದ್ದುಂಟು. ಯಂತ್ರಗಳೇ ಸಾಕೆಂದು ಕುದುರೆ, ಹೇಸರಗತ್ತೆ ಬಿಟ್ಟಿದ್ದ ಬ್ರಿಟಿಷ್ ಸೇನೆಗೆ 1939ರ ಡಿಸೆಂಬರ್‌ನಲ್ಲಿ ಮುಂಬಯಿಯಿಂದ ಹೇಸರಗತ್ತೆಗಳ ಭಾರತೀಯ ತುಕಡಿಗಳನ್ನು ಫ್ರಾನ್ಸಿಗೆ ಕರೆಸಿಕೊಳ್ಳಬೇಕಾಯಿತು. ಆ ಸೇನೆ ಹಡಗೇರಿ ಪಾರಾದ ಡನ್‌ಕರ್ಕ್‌ನಲ್ಲಿ ಅವರೂ ಇದ್ದರು.

ಹಳೆಯ ಗಾಡಿ ಕೊನೆಯವರೆಗೆ ಹೇಗೆ ಉಳಿಯುತ್ತದೆ? ಇಚಲಕರಂಜಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡ ಆ ಊರಲ್ಲಿ ಹೊಸ ಶಟಲ್‌ಲೆಸ್ ಮಗ್ಗಗಳ ಪಕ್ಕದಲ್ಲೇ ಸಾದಾ ಮಗ್ಗಗಳು ಇಂದಿಗೂ ಸದ್ದು ಮಾಡುತ್ತಿವೆ. ಸದ್ದು ಕೇಳಿಯೇ ದೋಷ ಹಿಡಿಯುವ ಜಾಬರ್ ಇದ್ದಾನೆ, ಬಿಡಿಭಾಗ ಅಲ್ಲೇ ಸಿಗುತ್ತದೆ. ಲಾರಿಯದೂ ಅಷ್ಟೇ. ಕಮಾನು ಪಟ್ಟಿ ಮುರಿದರೆ ಬದಲಿಸಲು ಸುತ್ತಿಗೆ, ಪಾನಾ, ಗಟ್ಟಿ ತೋಳು ಸಾಕು. ಬ್ಯಾಟರಿ ಕೈಕೊಟ್ಟರೆ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಬಹುದಾದ ಕಾಲ ಅದು. ಗಾಡಿ ದುರಸ್ತಿಗೇ ಪ್ರತ್ಯೇಕ ದಳ ಬೇಕೆಂದು ಭಾರತೀಯ ಸೇನೆಗೆ ಮನವರಿಕೆಯಾದದ್ದು ಮಹಾಯುದ್ಧದ ನಡುವೆಯೇ. 1943ರ ಅಕ್ಟೋಬರ್ 15ರಂದು ಹುಟ್ಟಿದ ಆ ದಳವೇ ಇಂದಿನ ಇ.ಎಂ.ಇ. (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್). ಯುದ್ಧ ಗೆದ್ದವರ ಪಟ್ಟಿಯಲ್ಲಿ ಇವರ ಹೆಸರು ಮೊದಲ ಸಾಲಿನಲ್ಲಿ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸೇನೆಯ ಸಾಮಾನು ಸಾಗಿಸುವ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಎಷ್ಟೋ ಚಾಲಕರು ಸ್ಟಿಯರಿಂಗ್ ಹಿಡಿದು ಕಲಿತದ್ದು ಅಲ್ಲಿ.

ಶಿರೋಳ ತಾಲ್ಲೂಕಿನ ಟಾಕಳಿಯನ್ನು ಜನ ‘ಸೈನಿಕ ಟಾಕಳಿ’ ಎಂದೇ ಕರೆಯುತ್ತಾರೆ. ತಲೆಮಾರುಗಳಿಂದ ಸೇನೆಗೆ ಮಕ್ಕಳನ್ನು ಕೊಟ್ಟ ಊರು. ಕನ್ನಡ ಮಾತಾಡುವ ಗಡಹಿಂಗ್ಲಜ ತಾಲ್ಲೂಕಿನ ನೂಲ, ಹಲಕರ್ಣಿ ಕಡೆಯ ಓದುಗರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಸೇನೆಯಲ್ಲಿ ಗಾಡಿ ಓಡಿಸಿದ, ಎಂಜಿನ್ ಬಿಚ್ಚಿ ಜೋಡಿಸಿದ ಹಿರಿಯರಿದ್ದರೆ ಈ ವಾರವೇ ಹತ್ತಿರ ಕೂತು ಕೇಳಿ: ನಿಮ್ಮ ಗಾಡಿ ಯಾವುದಿತ್ತು, ಬಾಣದ ಪಕ್ಕದ ಅಂಕಿ ಎಷ್ಟಿತ್ತು, ಎಲ್ಲಿಯವರೆಗೆ ಓಡಿಸಿದಿರಿ? ಹೇಳಿದ್ದನ್ನು ತಾರೀಕು ಹಾಕಿ ಬರೆದಿಡಿ.