ಕೈಗಳಿಗೆ ಕೊಡುವ ಶಿಕ್ಷಣ

ಆಸ್ಟಿಯೋಪತಿಯೆಂಬುದು ಮೂಳೆ, ಕೀಲು, ಸ್ನಾಯುಗಳ ನೋವನ್ನು ಕೈಗಳಿಂದಲೇ ಪರೀಕ್ಷಿಸಿ ಉಪಚರಿಸುವ ಪದ್ಧತಿಯು. ಅಮೆರಿಕಾದ ಕರ್ಕ್ಸ್‌ವಿಲ್ಲಿನಲ್ಲಿ 1892ರಲ್ಲಿ ತೆರೆದ ಇದರ ಮೊದಲ ಶಾಲೆಯು ಸ್ತ್ರೀಯರನ್ನೂ ಸೇರಿಸಿಕೊಂಡಿತೆಂಬುದು ನಮಗೆ ಸಂತೋಷಕರವಾದ ಸಂಗತಿ. ಲಂಡನ್ನಿನಲ್ಲಿ ಡಾಕ್ಟರ್ ಲಿಟಲ್‌ಜಾನರು 1917ರಲ್ಲಿ ಸ್ಥಾಪಿಸಿದ ಶಾಲೆಯ ಶಿಕ್ಷಣವು ಸಾಲದೆಂದು 1935ರಲ್ಲಿ ಪಾರ್ಲಿಮೆಂಟಿನ ಸಮಿತಿಯೇ ಹೇಳಿತು. ಮಾತು ಕಟುವಾದರೂ ಶಾಲೆಯು ಮುಚ್ಚಿಹೋಗದೆ ತನ್ನನ್ನು ತಿದ್ದಿಕೊಂಡಿತು. 1993ರ ಕಾಯಿದೆಯ ಮೂಲಕ, ನೋಂದಣಿಯಿಲ್ಲದವರು ಆ ಹೆಸರನ್ನು ಧರಿಸುವುದು ಬ್ರಿಟನ್ನಿನಲ್ಲಿ ಅಪರಾಧವಾಯಿತು. ಈಗ ಅಲ್ಲಿಯ ವಿದ್ಯಾರ್ಥಿಗಳು ನಾಲ್ಕೈದು ವರ್ಷ ಶರೀರಶಾಸ್ತ್ರಾದಿಗಳನ್ನು ಓದಿ, ಸುಮಾರು 1000 ಗಂಟೆ ಗುರುಗಳ ಕಣ್ಣೆದುರಿನಲ್ಲಿ ರೋಗಿಗಳನ್ನು ಉಪಚರಿಸಬೇಕು. ಯಾವ ನೋವನ್ನು ತಾವು ಮುಟ್ಟದೆ ವೈದ್ಯರಿಗೆ ಒಪ್ಪಿಸಬೇಕೆಂಬುದೂ ಅವರ ಪಾಠವೇ. ತನ್ನ ಮಿತಿಯನ್ನರಿತ ಕೈಯೇ ನಂಬಿಕೆಗೆ ಯೋಗ್ಯವೆಂದು ನಾವು ನಮ್ಮ ಹೆಣ್ಣುಮಕ್ಕಳಿಗೂ ಹೇಳಬಯಸುತ್ತೇವೆ.