ಗ್ರಾಸ್ಪ್, ಗ್ರಹಣ, ತಿಳಿವು: ಒಂದು ಶಬ್ದವಿಚಾರ

ಆಂಗ್ಲಭಾಷೆಯ ‘ಗ್ರಾಸ್ಪ್’ ಎಂಬ ಶಬ್ದಕ್ಕೆ ಕೈಯಿಂದ ಬಿಗಿಯಾಗಿ ಹಿಡಿಯುವುದು, ಬುದ್ಧಿಯಿಂದ ಅರ್ಥಮಾಡಿಕೊಳ್ಳುವುದು ಎಂದು ಎರಡರ್ಥಗಳುಂಟು. ಇದನ್ನು ಕನ್ನಡಿಸುವವರು ಎರಡನೆಯ ಅರ್ಥಕ್ಕೆ ಒಮ್ಮೆ ‘ಗ್ರಹಿಸು’ ಎಂದೂ ಒಮ್ಮೆ ‘ತಿಳಿ’ ಎಂದೂ ಬರೆದು, ಇವೆರಡೂ ಪರ್ಯಾಯಪದಗಳೆಂದೇ ಭಾವಿಸುವರು. ಅದು ಯುಕ್ತವೇ ಎಂಬುದು ಇಲ್ಲಿಯ ವಿಚಾರ.

ಆಂಗ್ಲಶಬ್ದವು 14ನೆಯ ಶತಮಾನದಲ್ಲಿ, ಕೈಚಾಚಿ ಹಿಡಿಯಲೆಳಸುವುದೆಂಬ ಅರ್ಥದಲ್ಲಿ ಕಾಣಬರುತ್ತದೆ. ತಡವರಿಸುವುದೆಂಬರ್ಥದ ‘ಗ್ರೋಪ್’ ಶಬ್ದಕ್ಕೆ ಇದನ್ನು ದಾಯಾದಿಯೆಂದು ವಿದ್ವಾಂಸರು ಎಣಿಸುವರು. ಬುದ್ಧಿಗೆ ಸಂಬಂಧಿಸಿದ ಅರ್ಥವು ಅನಂತರ ಬಂದುದು. ಲ್ಯಾಟಿನ್ ಮೂಲದ ‘ಕಾಂಪ್ರಿಹೆಂಡ್’ ಎಂಬುದರೊಳಗೂ ಹಿಡಿಯುವುದೆಂಬರ್ಥದ ಧಾತುವೇ ಅಡಗಿದೆ.

ಸಂಸ್ಕೃತದ ನಡೆಯೂ ಇದೇ. ‘ಗ್ರಹ್’ ಧಾತುವಿಗೆ ಪಾಣಿನೀಯ ಧಾತುಪಾಠವು ಉಪಾದಾನ, ಎಂದರೆ ತೆಗೆದುಕೊಳ್ಳುವಿಕೆ, ಎಂದು ಅರ್ಥವನ್ನು ಹೇಳುತ್ತದೆ. ವೇದದಲ್ಲಿ ‘ಗೃಭ್’ ಎಂಬ ರೂಪವೂ ಉಂಟು. ಪಾಣಿಗ್ರಹಣದಲ್ಲಿ ಹಿಡಿಯುವವನು ವರನು, ಸೂರ್ಯಗ್ರಹಣದಲ್ಲಿ ರಾಹುವು, ಅರ್ಥಗ್ರಹಣದಲ್ಲಿ ಬುದ್ಧಿಯು. ‘ಗ್ರ’ಕಾರದ ಸಾಮ್ಯಮಾತ್ರದಿಂದ ಗ್ರಾಸ್ಪ್, ಗ್ರಹ್ ಎರಡೂ ಏಕಮೂಲವೆಂದು ನಿರ್ಣಯಿಸಲಾಗದು, ಆದರೆ ಅರ್ಥವು ಕೈಯಿಂದ ಬುದ್ಧಿಗೆ ಏರಿದ ದಾರಿ ಮಾತ್ರ ಒಂದೇ.

ಇನ್ನು ಕನ್ನಡ. ಹಳಗನ್ನಡದ ‘ಪಿಡಿ’ಯೇ ಇಂದಿನ ‘ಹಿಡಿ’. ಒಂದು ಹಿಡಿ ರಾಗಿ, ಕುಡುಗೋಲಿನ ಹಿಡಿ, ಹಟ ಹಿಡಿ, ಜಾಡು ಹಿಡಿ. ನಮ್ಮ ಸೀಮೆಯಲ್ಲಿ ತೆಂಗಿನ ಮರವೂ ಕಾಯಿ ಹಿಡಿಯುವುದು. ಇಷ್ಟು ವ್ಯಾಪಕವಾದ ಮಾತಾದರೂ, ‘ಪಾಠ ನನಗೆ ಹಿಡಿಯಿತು’ ಎಂದು ಯಾರೂ ಹೇಳರು. ‘ಹಿಡಿಸಿತು’ ಎಂದರೆ ಮೆಚ್ಚಿಕೆಯಾಯಿತೆಂದು ಅರ್ಥ. ಹುಚ್ಚು ಹಿಡಿಯಿತೆಂಬಲ್ಲಿ ಸಿಕ್ಕಿಬಿದ್ದವನು ಮನುಷ್ಯನೇ.

ಅರ್ಥವಾಗುವುದಕ್ಕೆ ಕನ್ನಡಿಗನ ಮಾತು ‘ತಿಳಿ’. ಹೊಸಮಳೆಗೆ ಕದಡಿದ ಕೆರೆಯ ನೀರು ಮಣ್ಣು ತಳಕ್ಕಿಳಿದ ಮೇಲೆ ತಿಳಿಯಾಗುವುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ನಿರ್ಮಲವಾಗುವುದು, ಗೊತ್ತಾಗುವುದು ಎಂಬ ಎರಡರ್ಥಗಳನ್ನೂ ಈ ಶಬ್ದಕ್ಕೆ ಕೊಡುತ್ತದೆ. ‘ನಾನು ಗ್ರಹಿಸಿದೆನು’ ಎಂಬಲ್ಲಿ ನಾನು ಕರ್ತೃ. ‘ನನಗೆ ತಿಳಿಯಿತು’ ಎಂಬಲ್ಲಿ ವಿಷಯವೇ ಕರ್ತೃ. ಅಲ್ಲಿ ಬುದ್ಧಿಯು ಕೈಚಾಚುವುದು. ಇಲ್ಲಿ ಕದಡು ಇಳಿಯುವವರೆಗೆ ಕಾಯುವುದು.

ಈ ಭೇದಕ್ಕೆ ಒಂದು ದೃಷ್ಟಾಂತ. ನಮ್ಮ ಅರಳಗುಪ್ಪೆಯಲ್ಲಿ ನೊಳಂಬರ ಕಾಲದ, 9ನೆಯ ಶತಮಾನದ ಕಲ್ಲೇಶ್ವರ ದೇವಾಲಯವಿದೆ. ಅದರ ಒಳಛಾವಣಿಯಲ್ಲಿ ನಡುವೆ ನರ್ತಿಸುವ ಶಿವನೂ ಸುತ್ತ ಅಷ್ಟದಿಕ್ಪಾಲಕರೂ ಇರುವರು. ತಲೆಯೆತ್ತಿದೊಡನೆ ಕಣ್ಣು ಒಂಬತ್ತು ಮೂರ್ತಿಗಳನ್ನೂ ಗ್ರಹಿಸುವುದು. ಇವನು ಇಂದ್ರ, ಇವನು ಅಗ್ನಿ ಎಂದು ದಿಕ್ಕಿನಿಂದಲೂ ವಾಹನದಿಂದಲೂ ಒಬ್ಬೊಬ್ಬರನ್ನೇ ಗುರುತಿಸಿದ ಮೇಲೆಯೇ, ಎಂಟು ದಿಕ್ಕುಗಳ ನಡುವೆ ಶಿವನೇಕೆ ನಿಂತನೆಂಬುದು ತಿಳಿಯುವುದು.

ಆದುದರಿಂದ ಈ ಎರಡು ಶಬ್ದಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಬಳಸಬಾರದು. ವಿಷಯವನ್ನು ವಶಮಾಡಿಕೊಂಡುದನ್ನು ಹೇಳುವಲ್ಲಿ ‘ಗ್ರಹಿಸು’ ಸಾಧು; ಸಂಶಯವು ಹರಿದುದನ್ನು ಹೇಳುವಲ್ಲಿ ‘ತಿಳಿ’ಯೇ ಬೇಕು. ಭಾಷಾಂತರಕಾರರಿಗಿಂತಲೂ ಉಪಾಧ್ಯಾಯರು ಇದನ್ನು ನೆನಪಿನಲ್ಲಿಡುವುದು ಅವಶ್ಯಕ. ಪಾಠವನ್ನು ತಪ್ಪಿಲ್ಲದೆ ಒಪ್ಪಿಸುವ ಬಾಲಕನು ಅದನ್ನು ಗ್ರಹಿಸಿರುವನೆಂಬುದು ದಿಟ. ಅದು ಅವನಿಗೆ ತಿಳಿದಿದೆಯೇ ಎಂಬುದು ಬೇರೆಯೇ ಪ್ರಶ್ನೆ.