ಕಡಲಿಲ್ಲದ ಸೀಮೆಗೊಂದು ಸಾಗರ

ಸೋದರಿಯರೇ, ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ನೀವೂ ಹೋಗಿರಬಹುದು. ಅಲ್ಲಿನ ಗಂಗಾ ಕೊಳದ ಮುಂದೆ ಹೆಂಗಸರು ಭಕ್ತಿಯಿಂದ ಬೇಡಿಕೊಳ್ಳುವುದನ್ನು ಕಂಡರೆ, ಈ ಸೀಮೆಯಲ್ಲಿ ನೀರಿಗೆಷ್ಟು ಬೆಲೆಯೆಂದು ಯಾರೂ ಹೇಳಬೇಕಿಲ್ಲ.

ಸ್ವಿಟ್ಜರ್ಲೆಂಡಿನಂತೆ ನಮ್ಮ ಚಿತ್ರದುರ್ಗ ಜಿಲ್ಲೆಗೂ ಕಡಲಿಲ್ಲ. ಆದರೆ ಅಲ್ಲಿ ಹಿಮ ಕರಗಿ ಹೊಳೆಯಾಗುತ್ತದೆ; ಇಲ್ಲಿ ಮೋಡವೇ ಮುನಿಸಿಕೊಳ್ಳುತ್ತದೆ. ಪಾಳೆಯಗಾರ ನಾಯಕರ ಕೋಟೆಯೊಳಗೂ ಮಳೆನೀರು ಹಿಡಿದಿಡುವ ಹೊಂಡಗಳಿವೆ, ನೋಡಿ. 1779ರಲ್ಲಿ ಆ ಕೋಟೆ ಹೈದರಾಲಿಯ ವಶವಾಯಿತು. ಮುಂದೆ ಸೀಮೆ ಮೈಸೂರು ಸಂಸ್ಥಾನದಲ್ಲೇ ಉಳಿಯಿತು.

1894ರಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ಮಗ ಕೃಷ್ಣರಾಜರಿಗೆ 10 ವರ್ಷ. ರಾಜ್ಯಭಾರ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಗಲಿಗೆ ಬಿತ್ತು. 1902ರವರೆಗೆ ಅವರೇ ರೀಜೆಂಟ್. ಅವರ ಕಾಲದಲ್ಲೇ, 1898ರಲ್ಲಿ, ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟಲು ಶುರುವಾಯಿತು, 1907ರಲ್ಲಿ ಮುಗಿಯಿತು. ಹೆಸರು ವಾಣಿವಿಲಾಸ ಸಾಗರ. ಕಡಲಿಲ್ಲದ ಸೀಮೆಗೆ ಹೆಣ್ಣಿನ ಹೆಸರಿನ ಸಾಗರ!

1933ರಲ್ಲಿ ತುಂಬಿ ಕೋಡಿ ಬಿದ್ದ ಈ ಸಾಗರ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಜ್ಜಿ ಕಂಡದ್ದನ್ನು ಕಾಣಲು ಮೊಮ್ಮಗಳು 89 ವರ್ಷ ಕಾಯಬೇಕಾಯಿತು.

ಈಗ ರಾಣಿಯರಿಲ್ಲ, ನಿಜ. ಆದರೆ ಗ್ರಾಮ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ನಮಗೇ ಮೀಸಲು. ಕೊಡದ ಭಾರ ಹೊತ್ತವರಿಗೇ ಗೊತ್ತು, ಅಲ್ಲವೇ? ಮುಂದಿನ ಗ್ರಾಮಸಭೆಗೆ, "ನಮಗ್ಯಾಕೆ ಬಿಡಿ" ಅನ್ನದೆ ಹೋಗಿ. ನಿಮ್ಮೂರ ಕೆರೆಯ ಹೂಳು ತೆಗೆಸೋ ಮಾತನ್ನು ನೀವೇ ಎತ್ತಿ.